ಗಾಳಿ ಶಾಕು, ಹಿಡಿಸೂಡಿ ಕಡ್ಡಿ

ಕೊಚ್ಚಿಯ ಪಾಲಾರಿವಟ್ಟಂನ ಗಾಡಿ ಸಾಮಾನಿನ ಅಂಗಡಿಯೊಳಗೆ ನಾವು ಕಾಲಿಟ್ಟ ಕೂಡಲೇ ಅಂಗಡಿಯ ಸಂದೀಪ್ ಪ್ರಜ್ವಲಣ್ಣನ ತೂಕ ಕೇಳಿದ.

"ತೊಂಬತ್ತರ ಹತ್ತಿರ," ಎಂದ ಪ್ರಜ್ವಲಣ್ಣ, ಹೊಟ್ಟೆ ಒಳಗೆಳೆದುಕೊಂಡು.

"ಓಡಿಸುವುದು ನಾನು," ಎಂದೆ.

ಸಂದೀಪ್ ನನ್ನನ್ನು ನೋಡಿದ. ಆಮೇಲೆ, ಇವಳು ಹೇಳುವುದು ನಿಜವಾ ಎಂಬಂತೆ, ಮತ್ತೆ ಪ್ರಜ್ವಲಣ್ಣನ ಮುಖ ನೋಡಿದ. ಪ್ರಜ್ವಲಣ್ಣ ಮೇಲೆ ತಿರುಗುತ್ತಿದ್ದ ಫ್ಯಾನು ನೋಡಿದ. ಅವನು ನನ್ನ ದೊಡ್ಡಮ್ಮನ ಮಗ, ಎರ್ನಾಕುಳಂ ಹೈಕೋರ್ಟಿನಲ್ಲಿ ಜೂನಿಯರ್ ವಕೀಲ. ಉತ್ತರ ಕೊಡಲು ಮನಸ್ಸಿಲ್ಲದಾಗ ಫ್ಯಾನು ನೋಡುವುದನ್ನು ಅಲ್ಲಿಯೇ ಕಲಿತಿರಬೇಕು.

ನಮ್ಮಿಬ್ಬರಿಗೂ ಸೇರಿ ಒಂದು ಕ್ವಾಡ್ ಇದೆ. ನಾಲ್ಕು ಚಕ್ರ, ಬೈಕಿನ ಹ್ಯಾಂಡಲ್, ಕುದುರೆ ಹತ್ತಿದ ಹಾಗೆ ಎರಡೂ ಕಡೆ ಕಾಲು ಹಾಕಿ ಕೂರಬೇಕು. ರಸ್ತೆಯಲ್ಲಿ ಓಡಿಸುವಂತಿಲ್ಲ, ಮಣ್ಣಿನಲ್ಲಿ, ಮರಳಿನಲ್ಲಿ, ರೇಸಿನಲ್ಲಿ ಮಾತ್ರ. ವರ್ಕಲದ ಒಬ್ಬ ಆಸಾಮಿ ಶೋಕಿಗೆ ತರಿಸಿ, ಎರಡು ಮಳೆಗಾಲ ಹೊರಗೆ ಬಿಟ್ಟು, ತುಕ್ಕು ಹಿಡಿಸಿ ಮಾರಿದ ಹಳೆಯ ಜಪಾನಿ ಗಾಡಿ. ಪ್ರಜ್ವಲಣ್ಣ ಅರ್ಧ, ನಾನು ಅರ್ಧ. ದುಡ್ಡಿನ ಲೆಕ್ಕದಲ್ಲಿ ಅರ್ಧ. ಇಂಜಿನ್ ಬಿಚ್ಚಿ ಜೋಡಿಸಿದ್ದು, ತುಕ್ಕು ಉಜ್ಜಿದ್ದು, ವೈರು ಎಳೆದದ್ದು ಪೂರ್ತಿ ನಾನು. ತಿರುವನಂತಪುರದ ಶ್ರೀಕಾರ್ಯಂನ ಇಂಜಿನಿಯರಿಂಗ್ ಕಾಲೇಜಿನಲ್ಲಿ ಮೆಕ್ಯಾನಿಕಲ್ ಕೊನೆಯ ವರ್ಷ ಓದುತ್ತಿದ್ದೇನೆ. ಮನೆಯೂ ಅಲ್ಲೇ ಹತ್ತಿರ.

ಕೊಚ್ಚಿಯ ಕ್ಲಬ್ಬೊಂದು ವರ್ಷಕ್ಕೊಮ್ಮೆ ನಡೆಸುವ ಕ್ವಾಡ್ ಓಟದಲ್ಲಿ ಹೋದ ಸಲ ಓಡಿಸಿದ್ದು ಪ್ರಜ್ವಲಣ್ಣ. ಎಂಟನೆಯವನಾದ. ಚೇನು ಬಿತ್ತು ಎನ್ನುತ್ತಾನೆ. ಚೇನು ಬಿದ್ದದ್ದು ಎಂಟನೆಯವನಾದ ಮೇಲೆ. ಒಂದು ಗಾಡಿಗೆ ಒಬ್ಬರೇ ಸವಾರರು ಎಂಬುದು ಅಲ್ಲಿನ ನಿಯಮ. ಈ ಸಲ ನಾನು ಎಂದೆ. ಅವನು ಇಲ್ಲ ಎನ್ನಲಿಲ್ಲ, ಹೂಂ ಎಂದೂ ಅನ್ನಲಿಲ್ಲ.

ತೊಂದರೆ ಇದ್ದದ್ದು ಮುಂದಿನ ಎರಡು ಶಾಕುಗಳಲ್ಲಿ, ಅಂದರೆ ಚಕ್ರದ ಕುಲುಕಾಟ ತಡೆಯುವ ಶಾಕ್ ಅಬ್ಸಾರ್ಬರುಗಳಲ್ಲಿ. ಈಗ ಇರುವುದು ಸ್ಪ್ರಿಂಗಿನವು, ಅವನ ತೂಕಕ್ಕೆ ಹೊಂದುವ ಗಟ್ಟಿ ಸ್ಪ್ರಿಂಗು. ನಾನು ಅವನ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೆ. ನಾನು ಕೂತರೆ ಅವು ಬಗ್ಗುವುದೇ ಇಲ್ಲ. ಒರಳಿಗೆ ಚಕ್ರ ಕಟ್ಟಿ ಓಡಿಸಿದ ಹಾಗೆ. ನಾಲ್ಕು ಸುತ್ತು ಮುಗಿಯುವಷ್ಟರಲ್ಲಿ ಕೈ ಜೋಮು ಹಿಡಿದು ಬ್ರೇಕು ಎಲ್ಲಿದೆ ಎಂಬುದೇ ಗೊತ್ತಾಗುವುದಿಲ್ಲ. ನನಗಾಗಿ ಮೆತ್ತಗಿನ ಸ್ಪ್ರಿಂಗು ಹಾಕಿದರೆ ಅವನು ಕೂತಾಗ ಗಾಡಿಯ ಮೂಗು ನೆಲಕ್ಕೆ. ಗಾಳಿ ಶಾಕಿನಲ್ಲಿ ಸ್ಪ್ರಿಂಗೇ ಇಲ್ಲ. ಒಳಗೆ ಒತ್ತಿ ತುಂಬಿದ ಗಾಳಿಯೇ ಸ್ಪ್ರಿಂಗು. ಹಗುರದವರಿಗೆ ಕಡಿಮೆ ಗಾಳಿ, ಭಾರದವರಿಗೆ ಹೆಚ್ಚು. ಒಂದು ಕೈಪಂಪು ಸಾಕು.

"ಗಾಳಿ ನಂಬ್ಲಿಕ್ಕಾಗ್ತದಾ ಮಾರಾಯ್ತಿ? ಕಬ್ಬಿಣ ಕಬ್ಬಿಣವೇ," ಎಂದು ಪ್ರಜ್ವಲಣ್ಣ ದಾರಿಯುದ್ದಕ್ಕೂ ವಾದಿಸಿದ್ದ.

"ನಿನ್ನ ಕಾರಿನ ಟೈರಲ್ಲಿ ಎಂತ ಉಂಟು, ಕಬ್ಬಿಣವಾ?"

ವಾದ ಅಲ್ಲಿಗೆ ನಿಂತು ಒಪ್ಪಂದವಾಯಿತು. ಶಾಕು ನಾನು ಆರಿಸುವುದು. ಅದು ಸರಿಯಾಗಿ ಕೆಲಸ ಮಾಡಿದರೆ ರೇಸು ನನ್ನದು. ಇಲ್ಲದಿದ್ದರೆ ಅವನ ಸ್ಪ್ರಿಂಗು ವಾಪಸು, ಅವನೂ ವಾಪಸು. ತೀರ್ಪು ಕೊಡುವವರು ನನ್ನ ಅಪ್ಪ. ಅದನ್ನು ಸೂಚಿಸಿದ್ದೇ ಪ್ರಜ್ವಲಣ್ಣ. "ಚಿಕ್ಕಪ್ಪ ಮಗಳು ಅಂತ ನೋಡುವ ಜನ ಅಲ್ಲ," ಎಂದ. ಅದು ಸತ್ಯ. ಹತ್ತನೇ ಕ್ಲಾಸಿನಲ್ಲಿ ನನಗೆ ಗಣಿತದಲ್ಲಿ ತೊಂಬತ್ತೆಂಟು ಬಂದಾಗ ಅಪ್ಪ ಕೇಳಿದ್ದು ಉಳಿದ ಎರಡರ ಬಗ್ಗೆ.

ಸಂದೀಪ್ ಮೂರು ಜೊತೆ ತಂದು ಕೌಂಟರಿನ ಮೇಲಿಟ್ಟ. ಒಂದು ಸ್ಪ್ರಿಂಗಿನದು, ಅದನ್ನು ಬದಿಗೆ ಸರಿಸಿದೆ. ಉಳಿದ ಎರಡೂ ಗಾಳಿಯವು. ಒಂದು ಉದ್ದ, ಕೆಂಪು ಬಣ್ಣ, ಮೈಮೇಲೆ ಚಿನ್ನದ ಅಕ್ಷರ. ಇನ್ನೊಂದು ಗಿಡ್ಡ, ಕಪ್ಪು, ಸೈಕಲ್ ಪಂಪು ಊದಿಕೊಂಡ ಹಾಗಿತ್ತು.

"ಇದು ನೋಡು!" ಪ್ರಜ್ವಲಣ್ಣ ಕೆಂಪನ್ನು ಎತ್ತಿಕೊಂಡ, ನೆಂಟರ ಮಗುವನ್ನು ಎತ್ತಿಕೊಂಡ ಹಾಗೆ.

"ಚೇಟನಿಗೆ ಒಳ್ಳೇ ಕಣ್ಣುಂಟು," ಎಂದ ಸಂದೀಪ್ ಮಲಯಾಳದಲ್ಲಿ. "ದುಬೈಯಿಂದ ಬಂದದ್ದು. ಮೋಳ್‌ಗೂ ಬಣ್ಣ ಇಷ್ಟ ಆಗ್ತದೆ."

ಚೇಟನ್ ಎಂದರೆ ಅಣ್ಣ, ಮೋಳ್ ಎಂದರೆ ಮಗಳು. ಮೋಳ್ ಬ್ಯಾಗಿನಿಂದ ಒಂದು ಹಿಡಿಸೂಡಿ ಕಡ್ಡಿ ತೆಗೆದಳು.

ಅಮ್ಮನ ಪೊರಕೆಯಿಂದ ಕಿತ್ತದ್ದು. ಗಾಡಿಯ ಮುಂಭಾಗವನ್ನು ಎತ್ತಿ ನಿಲ್ಲಿಸಿ, ಚಕ್ರ ನೇತಾಡುತ್ತಿರುವಾಗ ಮೇಲಿನ ಬೋಲ್ಟಿನಿಂದ ಕೆಳಗಿನ ಬೋಲ್ಟಿನವರೆಗೆ ಹಿಡಿದು ಮುರಿದು ತಂದಿದ್ದೆ. ಟೇಪಿನಲ್ಲಿ ಅಳೆದು ಅಂಕಿ ಬರೆದುಕೊಂಡರೆ ಇಂಚು, ಸೆಂಟಿಮೀಟರು ಎಂದು ಗೊಂದಲ, ಕಡ್ಡಿ ಕಡ್ಡಿಯೇ. ಕೆಂಪು ಶಾಕಿನ ಪಕ್ಕದಲ್ಲಿಟ್ಟೆ. ಶಾಕು ನಾಲ್ಕು ಬೆರಳು ಹೆಚ್ಚು ಉದ್ದವಿತ್ತು.

"ಉದ್ದ ಇದ್ರೆ ಒಳ್ಳೇದಲ್ವಾ? ಹೆಚ್ಚು ಹಾರ್ಬಹುದು," ಎಂದ ಪ್ರಜ್ವಲಣ್ಣ.

"ಚಕ್ರ ಹಿಡಿದ ತೋಳು ಹಳೆಯದೇ ಅಲ್ವಾ? ಇದನ್ನು ಹಾಕಿದ್ರೆ ಹಾರಿದಾಗ ಚಕ್ರ ಮಿತಿ ಮೀರಿ ಕೆಳಗೆ ಇಳೀತದೆ. ತೋಳಿನ ತುದಿಯ ಗುಂಡು ಕಿತ್ತು ಬರ್ತದೆ. ಆಮೇಲೆ ನೀನು ಒಂದು ಕಡೆ, ಚಕ್ರ ಒಂದು ಕಡೆ."

ಸಂದೀಪ್ ನಕ್ಕ. ಆಮೇಲೆ ನಗು ನಿಲ್ಲಿಸಿ, "ಅಗಲದ ತೋಳು ಹಾಕಿದ ಗಾಡಿಗೆ ಇದು," ಎಂದು ಕೆಂಪನ್ನು ಡಬ್ಬಿಯೊಳಗಿಟ್ಟ. ಅದು ಅವನಿಗೆ ಮೊದಲೇ ಗೊತ್ತಿತ್ತು. ನಾವು ಕೇಳಲಿಲ್ಲ, ಅವನು ಹೇಳಲಿಲ್ಲ.

ಕಪ್ಪು ಶಾಕು ಕಡ್ಡಿಗೆ ಸರಿಯಾಗಿತ್ತು. ಬೋಲ್ಟು ಕೂರುವ ಅಗಲ ನೋಡಿದೆ, ಹೊಂದಿತು. ದಂಡದ ಮೇಲೆ ಒಂದು ಕರಿ ರಬ್ಬರ್ ಉಂಗುರ ಇತ್ತು. ಶಾಕು ಕುಗ್ಗಿದಾಗ ಅದು ದಂಡದ ಉದ್ದಕ್ಕೆ ತಳ್ಳಿಸಿಕೊಂಡು ಹೋಗಿ, ಶಾಕು ಮೇಲೆದ್ದರೂ ಅಲ್ಲೇ ಉಳಿಯುತ್ತದೆ. ಎಷ್ಟು ಆಳಕ್ಕೆ ಕುಗ್ಗಿತ್ತು ಎಂಬುದಕ್ಕೆ ಅದೇ ಸಾಕ್ಷಿ.

"ಇದು ಕೊಡಿ," ಎಂದೆ.

"ಇದು ನೋಡ್ಲಿಕ್ಕೆ ಚಂದ ಇಲ್ಲ," ಎಂದ ಪ್ರಜ್ವಲಣ್ಣ.

"ನೀನೂ ಇಲ್ಲ. ಅರ್ಧ ಪಾಲು ಕೊಡಲಿಲ್ವಾ ನಿಂಗೆ?"

* * *

ಶ್ರೀಕಾರ್ಯಂಗೆ ತಂದು ಭಾನುವಾರವೇ ಜೋಡಿಸಿದೆ. ಬಿಚ್ಚಿದ ಹಳೆಯ ಸ್ಪ್ರಿಂಗುಗಳನ್ನು ಜೊತೆಗೆ ಬಂದಿದ್ದ ಪ್ರಜ್ವಲಣ್ಣ ತನ್ನ ಕಾರಿನ ಡಿಕ್ಕಿಗೆ ಹಾಕಿಕೊಂಡು ಕೊಚ್ಚಿಗೆ ಹೋಗಿದ್ದ. ಅವು ಬೇಗ ಬೇಕಾಗುತ್ತವೆ ಎಂಬ ನಂಬಿಕೆ ಅವನದು.

ಹೆಲ್ಮೆಟ್ಟು, ಬೂಟು, ಎದೆಯ ಕವಚ ಎಲ್ಲ ಹಾಕಿಕೊಂಡು ಕಾರ್ ಶೆಡ್ಡಿನಲ್ಲಿ ಗಾಡಿಯ ಮೇಲೆ ಕೂತೆ. ಸವಾರ ಕೂತಾಗ ಶಾಕು ಒಟ್ಟು ಕುಗ್ಗುವ ಉದ್ದದ ಮೂರನೇ ಒಂದು ಭಾಗದಷ್ಟು ಮಾತ್ರ ಕೆಳಗಿಳಿಯಬೇಕು. ಆಗ ಗುಂಡಿಗೂ ದಿಬ್ಬಕ್ಕೂ ಎರಡಕ್ಕೂ ಜಾಗ ಇರುತ್ತದೆ. ಅಳೆಯಲು ಅಮ್ಮನನ್ನು ಕರೆದೆ. ಅಮ್ಮ ಸೌದಾಮಿನಿ ಬ್ಯಾಂಕಿನಲ್ಲಿ ಅಧಿಕಾರಿ. ಭಾನುವಾರ ಯಾರೂ ತನ್ನಿಂದ ಏನೂ ಕೇಳಬಾರದು ಎಂಬ ಪಕ್ಷದವಳು.

"ನೈಟಿಯಲ್ಲಿ ನೆಲಕ್ಕೆ ಕೂತು ಕಡ್ಡಿ ಹಿಡೀಬೇಕಾ ನಾನು? ಎದುರು ಮನೆಯವರು ಎಂತ ಅಂದ್ಕೊಳ್ತಾರೆ?"

"ಮಗಳು ಹೆಲ್ಮೆಟ್ ಹಾಕಿ ಶೆಡ್ಡಲ್ಲಿ ಕೂತದ್ದಕ್ಕೆ ಎಂತ ಅಂದ್ಕೊಳ್ತಾರೋ ಅದೇ."

ಅಮ್ಮ ಕೂತಳು. ಗಾಡಿಯ ಮೂತಿಯ ಕೆಳಗಿನ ಕೊಳವೆಗೆ ತಾಗುವಂತೆ ಎಡಕ್ಕೊಂದು, ಬಲಕ್ಕೊಂದು ಹೊಸ ಕಡ್ಡಿ ನಿಲ್ಲಿಸಿದಳು. ನಾನು ಇಳಿದು, ಗಾಳಿ ಸ್ವಲ್ಪ ಬಿಟ್ಟು, ಹತ್ತಿ, ಮತ್ತೆ ಇಳಿದು, ತುಂಬಿಸಿ, ಹತ್ತಿ, ಕೊನೆಗೆ ಎರಡೂ ಕಡೆ ಸರಿಯಾದಾಗ ಅಮ್ಮ ಕಡ್ಡಿಗಳನ್ನು ಉಗುರಿನಲ್ಲಿ ಕತ್ತರಿಸಿ ಕೊಟ್ಟಳು. "ಇನ್ನು ಸಾಕು. ಅರ್ಧ ಹಿಡಿಸೂಡಿ ನಿನ್ನ ಗಾಡಿಗೇ ಹೋಯ್ತು."

ಸಂಜೆ ಮೇನಂಕುಳಂ ಕಡೆ, ಗೆಳತಿ ಜುಬೈದಾಳ ಮನೆಯವರ ಮರಳು ಜಾಗದಲ್ಲಿ ಓಡಿಸಿದೆ. ಪಿಕಪ್ಪಿನಿಂದ ಇಳಿಸಿ ಮೊದಲ ಉಬ್ಬು ದಾಟಿದಾಗಲೇ ಗೊತ್ತಾಯಿತು. ಮುಂದಿನ ಚಕ್ರಗಳು ನೆಲವನ್ನು ಓದುತ್ತಿದ್ದವು. ಹ್ಯಾಂಡಲು ಕೈಯಲ್ಲಿತ್ತು, ಕೈ ನನ್ನದಾಗಿಯೇ ಇತ್ತು. ಆ ಗಾಡಿಯನ್ನು ವರ್ಷದಿಂದ ಓಡಿಸುತ್ತಿದ್ದೆ, ಆದರೆ ಅದು ನನಗಾಗಿ ಮಾಡಿದ ಗಾಡಿ ಅನಿಸಿದ್ದು ಆವತ್ತೇ. ಮಾಡಿದವಳೂ ನಾನೇ.

ಮಾರನೆಯ ದಿನ ಬೆಳಿಗ್ಗೆ ಅಪ್ಪ ಹಲ್ಲುಜ್ಜುವ ಬ್ರಷ್ಷು ಬಾಯಲ್ಲಿಟ್ಟುಕೊಂಡೇ ಬಂದು ಹೇಳಿದರು: "ಲೀಕ್ ಉಂಟು."

ಅಪ್ಪ ರಘುರಾಮ, ತುಂಬಾ ಎಂಬ ಊರಿನ ಬಾಹ್ಯಾಕಾಶ ಕೇಂದ್ರದಲ್ಲಿ ಕೆಲಸ ಮಾಡುತ್ತಾರೆ. ರಾಕೆಟ್ಟು ಹಾರಿಸುವವರಲ್ಲ, ಬಂದ ಸಾಮಾನು ಸರಿ ಇದೆಯೇ ಎಂದು ಪರೀಕ್ಷಿಸುವ ವಿಭಾಗ. ಅವರು ಒಪ್ಪಿದ ಸಾಮಾನು ಈತನಕ ವಾಪಸು ಬಂದಿಲ್ಲ. ಅವರು ಹೆಮ್ಮೆಪಡುವ ವಿಷಯ ಅದೊಂದೇ, ಅದನ್ನೂ ಅವರು ಹೇಳುವುದಿಲ್ಲ, ಅಮ್ಮ ಹೇಳುತ್ತಾಳೆ. ಮನೆಯಲ್ಲೂ ಹಾಗೆಯೇ. ಅಮ್ಮ ಬಂದ್ ಮಾಡಿದ ಗ್ಯಾಸಿನ ಗುಬುಟನ್ನು ಮತ್ತೆ ತಿರುಗಿಸಿ ನೋಡುತ್ತಾರೆ. ಬಾಗಿಲಿಗೆ ಬೀಗ ಹಾಕಿ, ಎಳೆದು, ಗೇಟಿನವರೆಗೆ ಹೋಗಿ, ಬಂದು ಮತ್ತೆ ಎಳೆಯುತ್ತಾರೆ. ಒಮ್ಮೆ ಕಾಸರಗೋಡಿಗೆ ಮದುವೆಗೆ ಹೊರಟವರು ಕೊಲ್ಲಂನಲ್ಲಿ ರೈಲಿನಿಂದ ಇಳಿದು ವಾಪಸು ಬಂದು ಬೀಗ ನೋಡಿದ್ದರು. ಬೀಗ ಹಾಕಿತ್ತು. ಮದುವೆ ತಪ್ಪಿತ್ತು.

ನಾನು ತುಂಬಿಸಿದ ಗಾಳಿಯ ಒತ್ತಡ ಎಷ್ಟು ಎಂದು ರಾತ್ರಿ ಊಟದ ಹೊತ್ತಿಗೆ ಕೇಳಿಕೊಂಡಿದ್ದರು. ಬೆಳಿಗ್ಗೆ ಎದ್ದು ಪಂಪಿನ ಗೇಜು ಸಿಕ್ಕಿಸಿ ನೋಡಿದ್ದಾರೆ. ಎಡಗಡೆ ಕಡಿಮೆ. ಖಾತ್ರಿಗೆ ಇನ್ನೊಮ್ಮೆ ನೋಡಿದ್ದಾರೆ, ಇನ್ನೂ ಕಡಿಮೆ. ಬಲಗಡೆಯೂ ಸ್ವಲ್ಪ ಕಡಿಮೆ.

"ಕಡಿಮೆ ಇದ್ರೆ ತುಂಬಿಸ್ಬೇಕಿತ್ತಲ್ಲ ಅಪ್ಪ?"

"ಪರೀಕ್ಷೆ ಮಾಡುವವ ರಿಪೇರಿ ಮಾಡ್ಬಾರ್ದು. ಮಾಡಿದ್ರೆ ತಪ್ಪು ಯಾರದ್ದು ಅಂತ ಗೊತ್ತಾಗುವುದಿಲ್ಲ."

ಅದು ಅವರ ನಿಯಮ. ನೋಡುವುದು, ಹೇಳುವುದು, ಕೈ ತೆಗೆಯುವುದು.

ಸಂಜೆ ಓಡಿಸಿದಾಗ ಗಾಡಿ ತಿರುವಿನಲ್ಲಿ ಎಡಕ್ಕೆ ಮುಗ್ಗರಿಸಿತು. ಅಪ್ಪ ಹೇಳಿದ್ದು ಸರಿ. ನಾನು ತುಂಬಿಸಿದೆ. ಮಾರನೆಯ ಬೆಳಿಗ್ಗೆ ಮತ್ತೆ ಬ್ರಷ್ಷು, ಮತ್ತೆ "ಲೀಕ್." ಅದರ ಮಾರನೆಯ ದಿನವೂ. ವಾಲ್ವಿಗೆ ಸೋಪಿನ ನೀರು ಹಚ್ಚಿದೆ, ಗುಳ್ಳೆ ಏಳಲಿಲ್ಲ. ಎಡಗಡೆಯ ಶಾಕನ್ನು ಬಿಚ್ಚಿ ಬಕೆಟ್ಟಿನಲ್ಲಿ ಮುಳುಗಿಸಿ ಕೂತೆ, ಚಹಾ ತಣ್ಣಗಾಗುವವರೆಗೆ. ಒಂದು ಗುಳ್ಳೆಯೂ ಬರಲಿಲ್ಲ.

"ಸಣ್ಣ ಲೀಕಿಗೆ ಗುಳ್ಳೆ ಬರುವುದಿಲ್ಲ," ಎಂದರು ಅಪ್ಪ. ಸಮಾಧಾನವೂ ಇಲ್ಲ, ಸಂತೋಷವೂ ಇಲ್ಲ, ವರದಿ.

ಪ್ರಜ್ವಲಣ್ಣ ಫೋನು ಮಾಡಿದಾಗ ಅದೇ ಧಾಟಿಯಲ್ಲಿ ಅವನಿಗೂ ಹೇಳಿದರು. ಸ್ಪೀಕರಿನಲ್ಲಿ ಅವನ ದನಿ ಕೇಳಿತು. "ಹಾಗಾದ್ರೆ ತೀರ್ಪು ಆಯ್ತಲ್ಲ ಚಿಕ್ಕಪ್ಪ? ಭಾನುವಾರ ರೇಸು. ಸ್ಪ್ರಿಂಗು ನನ್ನ ಡಿಕ್ಕಿಯಲ್ಲೇ ಉಂಟು."

"ಶನಿವಾರದವರೆಗೆ ನೋಡುವ," ಎಂದರು ಅಪ್ಪ.

"ಗಾಳಿ ಕಾಯುವುದಿಲ್ಲ ಚಿಕ್ಕಪ್ಪ." ಅವನು ನಕ್ಕ.

ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ನಾನು ಆರಿಸಿದ ವಸ್ತು ಕೆಟ್ಟದ್ದಾಗಿದ್ದರೆ ಒಪ್ಪಿಕೊಳ್ಳುತ್ತಿದ್ದೆ. ಆದರೆ ಸೋರುವ ವಸ್ತು ಎಲ್ಲ ಹೊತ್ತಿನಲ್ಲೂ ಸೋರಬೇಕು. ಇದು ಬಕೆಟ್ಟಿನಲ್ಲಿ ಸೋರುವುದಿಲ್ಲ, ಶೆಡ್ಡಿನಲ್ಲಿ ಮಾತ್ರ ಸೋರುತ್ತದೆ. ಬಲಕ್ಕಿಂತ ಎಡ ಯಾವಾಗಲೂ ಹೆಚ್ಚು ಸೋರುತ್ತದೆ.

ಗುರುವಾರ ಸಂಜೆ ಎರಡಕ್ಕೂ ಗಾಳಿ ತುಂಬಿಸಿದೆ. ಅಡುಗೆಮನೆಯಿಂದ ಕುಚ್ಚಲಕ್ಕಿಯ ಚೀಲ ಹೊತ್ತು ತಂದು ಸೀಟಿನ ಮುಂಭಾಗಕ್ಕೆ ಅಡ್ಡ ಹಾಕಿದೆ. ನನ್ನ ಬದಲಿಗೆ ಅಕ್ಕಿ. ಅಕ್ಕಿ ಅಲ್ಲಾಡುವುದಿಲ್ಲ, ರಾತ್ರಿ ಇಡೀ ಕೂರುತ್ತದೆ. ಎರಡು ಹೊಸ ಕಡ್ಡಿ ನೆಲಕ್ಕೂ ಮೂತಿಯ ಕೊಳವೆಗೂ ಸರಿಯಾಗಿ ತಾಗುವಂತೆ ಕತ್ತರಿಸಿದೆ. ಗೇಜು ಮುಟ್ಟಲಿಲ್ಲ.

"ನಾಳೆ ಗಂಜಿಗೆ ಅಕ್ಕಿ ಎಲ್ಲಿಂದ?" ಎಂದಳು ಅಮ್ಮ.

"ಅದೇ ಅಕ್ಕಿ. ಬೆಳಿಗ್ಗೆ ಇಳಿಸ್ತೇನೆ."

"ಗಾಡಿ ಹತ್ತಿದ ಅಕ್ಕಿ ಅಂತ ಸಪ್ಪೆ ಆಗ್ದಿದ್ರೆ ಸಾಕು."

ಬೆಳಿಗ್ಗೆ ಅಪ್ಪನಿಗಿಂತ ಮೊದಲೇ ಶೆಡ್ಡಿಗೆ ಹೋದೆ. ಕಡ್ಡಿ ಇಟ್ಟು ನೋಡಿದೆ. ಎಡ ಸರಿ. ಬಲ ಸರಿ. ಒಂದು ಕೂದಲಿನಷ್ಟೂ ಕುಸಿದಿರಲಿಲ್ಲ. ಅಲ್ಲೇ ನೆಲದ ಮೇಲೆ ಕೂತು ಕಾದೆ.

ಅಪ್ಪ ಬ್ರಷ್ಷು ಬಾಯಲ್ಲಿಟ್ಟುಕೊಂಡು ಬಂದರು. ನನ್ನನ್ನು ನೋಡಿ ಹುಬ್ಬೇರಿಸಿದರು. ಪಂಪಿನ ಕೊಳವೆಯನ್ನು ಎಡಗಡೆಯ ವಾಲ್ವಿಗೆ ತಿರುಗಿಸಿ ಸಿಕ್ಕಿಸಿದರು. ಮುಳ್ಳು ಎದ್ದು ನಿಂತಿತು, ಇರಬೇಕಾದ್ದಕ್ಕಿಂತ ಕೆಳಗೆ. ಬಾಯಲ್ಲಿ ನೊರೆ ಇದ್ದುದರಿಂದ ಮಾತಾಡದೆ ಬೆರಳಿನಲ್ಲಿ ತೋರಿಸಿದರು. ಕೊಳವೆ ಕಳಚಿದರು. ಪುಸ್ ಎಂದಿತು. ಖಾತ್ರಿಗೆ ಮತ್ತೆ ಸಿಕ್ಕಿಸಿದರು. ಇನ್ನೂ ಕೆಳಗೆ. ಕಳಚಿದರು. ಪುಸ್.

ನಾನು ಕಡ್ಡಿ ಹಿಡಿದೆ. ಎಡಗಡೆಯ ಕಡ್ಡಿ ಗಾಡಿಯ ಮೂತಿಯ ಕೊಳವೆಯ ಕೆಳಗೆ ಹೋಗಲಿಲ್ಲ, ಬಗ್ಗಿತು.

"ಅಪ್ಪ, ಲೀಕ್ ಸಿಕ್ಕಿತು."

ಅವರು ಹೋಗಿ ಬಾಯಿ ತೊಳೆದು ಬಂದರು. "ಎಲ್ಲಿ?"

"ನೀವೇ."

ಪಂಪಿನ ಕೊಳವೆ ಖಾಲಿ. ಅದನ್ನು ಸಿಕ್ಕಿಸಿದ ಕೂಡಲೇ ಶಾಕಿನೊಳಗಿನ ಗಾಳಿ ಕೊಳವೆಗೂ ನುಗ್ಗುತ್ತದೆ. ಗೇಜು ತೋರಿಸುವುದು ಹಾಗೆ ಹಂಚಿಹೋದ ಮೇಲಿನ ಒತ್ತಡ. ಕಳಚಿದಾಗ ಕೊಳವೆಯೊಳಗಿನ ಗಾಳಿ ಹೊರಗೆ ಹೋಗಿ ವ್ಯರ್ಥ. ಕಾರಿನ ಟೈರಿನ ಹೊಟ್ಟೆ ದೊಡ್ಡದು, ಅದಕ್ಕೆ ಲೆಕ್ಕಕ್ಕಿಲ್ಲ. ಶಾಕಿನ ಹೊಟ್ಟೆ ಚಿಕ್ಕದು. ಒಮ್ಮೆ ನೋಡಿದರೆ ಒಂದು ಗುಟುಕು, ಎರಡು ಸಲ ನೋಡಿದರೆ ಎರಡು ಗುಟುಕು. ನಾನು ಪ್ರತಿ ಸಲ ಸಿಕ್ಕಿಸಿದ್ದು ತುಂಬಿಸಲಿಕ್ಕೆ, ಹಾಗಾಗಿ ನನಗೆ ಕಂಡಿರಲಿಲ್ಲ. ನೋಡಿ, ತುಂಬಿಸದೆ, ಕೈ ತೆಗೆಯುವ ಮನುಷ್ಯ ನಮ್ಮ ಮನೆಯಲ್ಲಿ ಒಬ್ಬರೇ. ಎಡದಿಂದ ಶುರು ಮಾಡುವುದು ಅವರ ಅಭ್ಯಾಸ, ಹಾಗಾಗಿ ಖಾತ್ರಿಯ ಹೆಚ್ಚುವರಿ ಗುಟುಕು ಎಡಕ್ಕೇ.

ಇದನ್ನೆಲ್ಲ ಹೇಳಿದೆ. ಅಪ್ಪ ಕೇಳಿದರು. ಆಮೇಲೆ, "ಇನ್ನೊಮ್ಮೆ," ಎಂದು ಬಲಗಡೆ ಕೂತರು. ಸಿಕ್ಕಿಸಿದರು, ನೋಡಿದರು, ಕಳಚಿದರು. ಮತ್ತೆ. ಮತ್ತೆ. ತನ್ನ ತಪ್ಪನ್ನೂ ಪರೀಕ್ಷಿಸದೆ ಒಪ್ಪುವವರಲ್ಲ ಅವರು. ಅಕ್ಕಿ ಚೀಲ ಹೊತ್ತ ಗಾಡಿ ಸ್ವಲ್ಪ ಸ್ವಲ್ಪವೇ ಬಗ್ಗಿ, ನಮಸ್ಕಾರ ಮಾಡುವ ಆನೆಯಂತೆ ಮೊಣಕಾಲೂರಿತು.

ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಗ್ಯಾಸಿನ ಗುಬುಟು ಸಡಿಲ ಆದದ್ದು ಯಾಕೆ ಅಂತ ಈಗ ಗೊತ್ತಾಯ್ತು," ಎಂದು ಒಳಗೆ ಹೋದಳು.

ಅಪ್ಪ ಪಂಪನ್ನು ಕೈಯಲ್ಲಿ ತಿರುಗಿಸಿ ನೋಡುತ್ತ ಕೂತರು. "ಹಾಗಾದ್ರೆ ನೋಡದೆ ಸರಿ ಉಂಟು ಅಂತ ಗೊತ್ತಾಗುವುದು ಹೇಗೆ?"

"ತುಂಬಿಸಿ ಬಿಟ್ಟುಬಿಡುವುದು. ಆಮೇಲೆ ಎತ್ತರ ನೋಡುವುದು. ಇಲ್ಲ, ಓಡಿಸಿದ ಮೇಲೆ ರಬ್ಬರ್ ಉಂಗುರ ನೋಡುವುದು."

"ಬಿಟ್ಟುಬಿಡುವುದು," ಎಂದರು, ಕೇಳಿ ಗೊತ್ತಿಲ್ಲದ ಊರಿನ ಹೆಸರು ಹೇಳಿದ ಹಾಗೆ. ಆಮೇಲೆ ಜೇಬಿನಿಂದ ಫೋನು ತೆಗೆದು ನನ್ನ ಎದುರಿಗೇ ಕೊಚ್ಚಿಗೆ ಕರೆ ಮಾಡಿದರು. "ಪ್ರಜ್ವಲಾ, ಶಾಕಿನಲ್ಲಿ ಲೀಕ್ ಇಲ್ಲ. ಲೀಕ್ ನಾನು. ಅಶ್ವಿತಾ ಕಂಡುಹಿಡಿದಳು."

ಸ್ಪೀಕರಿನಲ್ಲಿ ಪ್ರಜ್ವಲಣ್ಣನ ದನಿ ಏರಿತು. "ಚಿಕ್ಕಪ್ಪ, ನಿಮ್ಮ ಬಾಯಲ್ಲಿ ಇದಾ? ಮಗಳ ಪಕ್ಷ ಆಗಿಬಿಟ್ರಾ?"

"ಪಕ್ಷ ಅಲ್ಲ. ಪರೀಕ್ಷೆ ಮಾಡಿ ಹೇಳ್ತಿದ್ದೇನೆ."

"ಆಗ್ಲಿ. ಆದ್ರೆ ಸ್ಪ್ರಿಂಗು, ಸ್ಪಾನರ್ ಎರಡೂ ಟ್ರ್ಯಾಕಿಗೆ ತರ್ತೇನೆ. ಬೆಳಗ್ಗಿನ ಅಭ್ಯಾಸದ ಸುತ್ತಿನಲ್ಲಿ ದೊಡ್ಡ ದಿಬ್ಬಕ್ಕೆ ಶಾಕು ಪೂರ್ತಿ ಕುಗ್ಗಿ ಟಣ್ ಅಂತ ತಳ ಬಡಿದ್ರೆ ಅಲ್ಲೇ ಬದಲಾಯಿಸುವುದು. ಓಡಿಸುವುದು ನಾನು. ಸರಿಯಾ?"

ಅಪ್ಪ ನನ್ನನ್ನು ನೋಡಿದರು. ನಾನು ತಲೆಯಾಡಿಸಿದೆ.

* * *

ಟ್ರ್ಯಾಕು ಕಾಕ್ಕನಾಡಿನ ಆಚೆಗಿನ ಹಳೆಯ ಕೆಂಪುಕಲ್ಲಿನ ಕೋರೆಯಲ್ಲಿತ್ತು. ಪಿಕಪ್ಪಿನಿಂದ ಗಾಡಿ ಇಳಿಸುವಾಗ ಬೆಳಗ್ಗಿನ ಬಿಸಿಲಿಗೇ ಕಲ್ಲು ಕಾಯತೊಡಗಿತ್ತು. ಹನ್ನೊಂದು ಕ್ವಾಡುಗಳು. ಸವಾರರಲ್ಲಿ ಹೆಣ್ಣು ನಾನೊಬ್ಬಳೇ ಎಂದು ಮೈಕಿನವನು ಎರಡು ಸಲ ಹೇಳಿದ. ಮೂರನೇ ಸಲ ಹೇಳುವಾಗ ಜನ ಕೇಳಿಸಿಕೊಳ್ಳುವುದನ್ನು ಬಿಟ್ಟು ಪಫ್ಸು ತಿನ್ನುತ್ತಿದ್ದರು.

ಪ್ರಜ್ವಲಣ್ಣ ಡಿಕ್ಕಿ ತೆರೆದಿಟ್ಟು, ಸ್ಪ್ರಿಂಗು ಶಾಕುಗಳನ್ನು ಟವೆಲ್ಲಿನ ಮೇಲೆ ಜೋಡಿಸಿಟ್ಟಿದ್ದ. ತಾನೂ ಬೂಟು ಹಾಕಿಕೊಂಡೇ ಬಂದಿದ್ದ.

"ಬೂಟು ಯಾಕೆ?" ಎಂದೆ.

"ಕೋರ್ಟಿಗೆ ಹೋಗುವಾಗ ಗೌನು ಹಾಕ್ಕೊಂಡೇ ಹೋಗುವುದು. ಕೇಸು ಬರ್ತದಾ ಇಲ್ವಾ ಆಮೇಲಿನ ಮಾತು."

ಗಾಳಿಯನ್ನು ನಾನು ಶ್ರೀಕಾರ್ಯಂನಲ್ಲೇ ತುಂಬಿಸಿದ್ದೆ. ಇಲ್ಲಿ ಇಳಿಸಿದ ಮೇಲೆ ನಾನು ಹತ್ತಿ ಕೂತು, ಅಮ್ಮನಿಂದ ಕಡ್ಡಿ ಇಡಿಸಿ ನೋಡಿದ್ದೆ. ಸರಿ ಇತ್ತು. ಪಂಪು ಅಪ್ಪನ ಚೀಲದಲ್ಲಿತ್ತು. ದಾರಿಯಲ್ಲಿ ಆಲಪ್ಪುಳದ ಹತ್ತಿರ ಚಹಾಕ್ಕೆ ನಿಲ್ಲಿಸಿದಾಗ ಅವರು ಪಿಕಪ್ಪಿನ ಹಿಂಭಾಗಕ್ಕೆ ಹೋಗಿ ಗಾಡಿಯ ಎದುರು ನಿಂತದ್ದನ್ನು ನೋಡಿದ್ದೆ. ಎರಡೂ ಕೈ ಪ್ಯಾಂಟಿನ ಜೇಬಿನೊಳಗೆ ಹಾಕಿಕೊಂಡು ನಿಂತು, ಹಾಗೇ ವಾಪಸು ಬಂದು ತಣ್ಣಗಾದ ಚಹಾ ಕುಡಿದಿದ್ದರು.

ಗಾಡಿಗಳನ್ನು ಪರೀಕ್ಷಿಸುವ ಹೃಷಿಕೇಶ್ ಎಂಬಾತ ಸಾಲಿನ ಉದ್ದಕ್ಕೂ ಬಂದ. ಬ್ರೇಕು ಹಿಡಿದ, ಚಕ್ರದ ನಟ್ಟು ಅಲ್ಲಾಡಿಸಿದ, ಇಂಜಿನ್ ನಿಲ್ಲಿಸುವ ದಾರ ಎಳೆದ. ಅಷ್ಟೇ ಅವನ ಕೆಲಸ. ನನ್ನ ಮುಂದಿನ ಶಾಕು ನೋಡಿ ಅವನಿಗೆ ಉತ್ಸಾಹ ಬಂತು.

"ಏರ್ ಶಾಕಾ! ಬಿಸಿಲು ಜಾಸ್ತಿ ಇದೆ, ಒತ್ತಡ ಒಮ್ಮೆ ನೋಡಿಬಿಡ್ತೇನೆ." ತನ್ನ ಸ್ವಂತದ ಪಂಪು ತೆಗೆದು ಎಡಗಡೆ ಬಗ್ಗಿದ.

ನಾನು ಹೆಲ್ಮೆಟ್ಟಿನೊಳಗಿದ್ದೆ. ಬಾಯಿ ತೆರೆಯುವುದರೊಳಗೆ ಅಪ್ಪ ಅವನಿಗೂ ಚಕ್ರಕ್ಕೂ ನಡುವೆ ಕಾಲಿಟ್ಟು ನಿಂತಿದ್ದರು.

"ಮುಟ್ಟಬೇಡಿ. ಸರಿ ಉಂಟು."

"ಒಂದೇ ನಿಮಿಷ ಸಾರ್. ನೀವು ನೋಡಿದ್ದೀರಾ?"

"ಇಲ್ಲ."

"ಮತ್ತೆ?"

"ಅವಳು ತುಂಬಿಸಿದ್ದಾಳೆ."

"ಸಾರ್, ನೀವು ಒಮ್ಮೆಯಾದ್ರೂ..."

"ನಾನು ನೋಡಿಲ್ಲ. ನೋಡುವುದೂ ಇಲ್ಲ," ಎಂದರು ಅಪ್ಪ ಮಲಯಾಳದಲ್ಲಿ, ಕಚೇರಿಯಲ್ಲಿ ಸಾಮಾನು ತಂದವರಿಗೆ ಹೇಳುವ ದನಿಯಲ್ಲಿ. "ಬೇರೆ ಎಲ್ಲ ನೋಡಿ ಆಯ್ತಲ್ಲ? ಮುಂದಿನ ಗಾಡಿ."

ಹೃಷಿಕೇಶ್ ಭುಜ ಕುಣಿಸಿ ಮುಂದೆ ಹೋದ. ಪ್ರಜ್ವಲಣ್ಣ ಬಾಯಿ ಬಿಟ್ಟುಕೊಂಡು ನಿಂತಿದ್ದ. "ಚಿಕ್ಕಮ್ಮಾ," ಎಂದ ಮೆಲ್ಲಗೆ, "ಚಿಕ್ಕಪ್ಪ ನಿಜವಾಗಿ ನೋಡ್ಲಿಲ್ವಾ?"

"ಎರಡು ದಿನದಿಂದ ಗ್ಯಾಸೂ ನೋಡಿಲ್ಲ ಮಾರಾಯ," ಎಂದಳು ಅಮ್ಮ. "ನಂಗೇ ಹೆದರಿಕೆ ಆಗಿ ನಾನು ಎದ್ದು ಹೋಗಿ ನೋಡ್ತಿದ್ದೇನೆ."

ಅಭ್ಯಾಸದ ಸುತ್ತಿಗೆ ಬಿಟ್ಟರು. ಎರಡೂ ಉಂಗುರಗಳನ್ನು ದಂಡದ ಮೇಲ್ತುದಿಗೆ ಸರಿಸಿಟ್ಟು ಹೊರಟೆ. ಮೊದಲ ತಿರುವು, ಸಣ್ಣ ಉಬ್ಬುಗಳ ಸಾಲು, ಕಲ್ಲು ಕಡಿದ ಗೋಡೆಯ ಪಕ್ಕದ ಇಕ್ಕಟ್ಟು, ಆಮೇಲೆ ದೊಡ್ಡ ದಿಬ್ಬ. ಹೋದ ವರ್ಷ ಪ್ರಜ್ವಲಣ್ಣ ಅಲ್ಲಿ ವೇಗ ಕಡಿಮೆ ಮಾಡಿದ್ದ. ನಾನು ಮಾಡಲಿಲ್ಲ. ಧೈರ್ಯ ಎಂದಲ್ಲ, ಕಡಿಮೆ ಮಾಡಿದರೆ ಶಾಕು ಪಾಸೋ ಫೇಲೋ ಗೊತ್ತಾಗುವುದಿಲ್ಲ. ಗಾಡಿ ನೆಲ ಬಿಟ್ಟಿತು. ಕೆಳಗೆ ಕೆಂಪು ಮಣ್ಣು, ಡಿಕ್ಕಿ ತೆರೆದ ಕಾರು, ಅದರ ಪಕ್ಕ ಜೇಬಿನಲ್ಲಿ ಕೈ ಇಟ್ಟುಕೊಂಡ ಅಪ್ಪ ಕಂಡರು. ಇಳಿಯಿತು. ಮುಂಭಾಗ ಆಳಕ್ಕೆ ಹೋಯಿತು, ಇನ್ನೂ ಆಳಕ್ಕೆ, ತಡೆಯಿತು, ಎದ್ದಿತು. ಟಣ್ ಎಂಬ ಸದ್ದು ಬರಲಿಲ್ಲ. ಆ ಸದ್ದಿಗಾಗಿ ನಾನು ಕಿವಿಯನ್ನು ಎಷ್ಟು ಬಿಗಿಹಿಡಿದಿದ್ದೆ ಎಂದರೆ, ಅದು ಬರದಿದ್ದಾಗ ಮುಂದಿನ ತಿರುವನ್ನು ಮರೆತು ಹುಲ್ಲಿಗೆ ನುಗ್ಗಿದೆ.

ವಾಪಸು ಬಂದಾಗ ಪ್ರಜ್ವಲಣ್ಣ ಮಣ್ಣಿನಲ್ಲಿ ಮೊಣಕಾಲೂರಿ ಎಡಗಡೆಯ ಶಾಕು ನೋಡಿದ. ಉಂಗುರ ದಂಡದ ಕೊನೆಗಿಂತ ಒಂದು ಬೆರಳು ಮುಂಚೆ ನಿಂತಿತ್ತು. ಬಲಗಡೆ ಹೋಗಿ ನೋಡಿದ. ಅಲ್ಲೂ ಒಂದು ಬೆರಳು. ಹೆಚ್ಚುಕಡಿಮೆ ಪೂರ್ತಿ ಉದ್ದ ಬಳಸಿ, ತಳ ಮುಟ್ಟದೆ. ಅದಕ್ಕಿಂತ ಸರಿಯಾಗಿ ಇರಲು ಸಾಧ್ಯವಿಲ್ಲ.

ಅವನು ಎದ್ದು, ಟವೆಲ್ಲಿನಿಂದ ಮೊದಲು ಕೈ ಒರೆಸಿಕೊಂಡು, ಆಮೇಲೆ ಅದೇ ಟವೆಲ್ಲಿನಲ್ಲಿ ಸ್ಪ್ರಿಂಗುಗಳನ್ನು ಸುತ್ತಿ, ಡಿಕ್ಕಿ ಮುಚ್ಚಿದ.

"ವಾದ ಮುಗೀತು," ಎಂದ.

"ತೀರ್ಪು ಹೇಳ್ಬೇಕಾ?" ಎಂದು ಕೇಳಿದರು ಅಪ್ಪ.

"ಬೇಡ ಚಿಕ್ಕಪ್ಪ. ಉಂಗುರ ಹೇಳಿತು."

ರೇಸಿನಲ್ಲಿ ನಾನು ನಾಲ್ಕನೆಯವಳಾದೆ. ಮೊದಲ ಮೂವರ ಗಾಡಿಯ ಇಂಜಿನ್ ನಮ್ಮದಕ್ಕಿಂತ ದೊಡ್ಡದು, ಅವರು ನನಗಿಂತ ಚೆನ್ನಾಗಿಯೂ ಓಡಿಸಿದರು. ಎರಡೂ ನಿಜ. ಹಿಂದೆ ಏಳು ಗಾಡಿಗಳಿದ್ದವು, ಅದೂ ನಿಜ. ಕಪ್ ಮೂವರಿಗೆ ಮಾತ್ರ. ಇಳಿದಾಗ ನನ್ನ ಎರಡೂ ಕೈಗಳು ನನ್ನವಾಗಿಯೇ ಇದ್ದವು. ಬಾಟಲಿಯ ಮುಚ್ಚಳ ನಾನೇ ತಿರುಗಿಸಿ ನೀರು ಕುಡಿದೆ. ನೋಡಲು ಬಂದಿದ್ದ ಸಂದೀಪ್ ಯಾರಿಗೋ "ಅದು ನಮ್ಮ ಅಂಗಡಿಯ ಶಾಕು, ನಾನೇ ಹೇಳಿ ಹಾಕಿಸಿದ್ದು," ಎನ್ನುತ್ತಿದ್ದ. ಅಪ್ಪ ಅವನ ಹತ್ತಿರ ಹೋಗಿ, "ಅಲ್ಲ. ಆರಿಸಿದ್ದು ಅವಳು," ಎಂದು ಹೇಳಿ ಬಂದರು. ಅವನ ಉತ್ತರಕ್ಕೆ ಕಾಯಲಿಲ್ಲ.

ಜನ ಕರಗಿದ ಮೇಲೆ ಪ್ರಜ್ವಲಣ್ಣ ಗಾಡಿಯ ಸುತ್ತ ಒಂದು ಸುತ್ತು ಹಾಕಿದ. ಬೂಟು ಇನ್ನೂ ಕಾಲಲ್ಲೇ ಇತ್ತು.

"ಅಶ್ವೀ, ಟ್ರ್ಯಾಕು ಖಾಲಿ ಉಂಟು. ಒಂದು ಸುತ್ತು ಹೋಗಿ ಬರ್ಲಾ?"

"ಹೀಗೇ ಹೋದ್ರೆ ಮೂಗು ನೆಲಕ್ಕೆ. ಗಾಳಿ ಏರಿಸ್ಬೇಕು. ತೂಕ ಎಷ್ಟು?"

"ತೊಂಬತ್ತರ ಹತ್ತಿರ."

"ಯಾವ ಕಡೆಯಿಂದ ಹತ್ತಿರ?"

ಅವನು ಮೇಲೆ ನೋಡಿದ. ಅಲ್ಲಿ ಫ್ಯಾನು ಇರಲಿಲ್ಲ, ಬರೀ ಆಕಾಶ. "ನೂರಾ ಎರಡು," ಎಂದ.

ಅಮ್ಮ ನಕ್ಕದ್ದಕ್ಕೆ ಪಕ್ಕದ ಗಾಡಿಯವರು ತಿರುಗಿ ನೋಡಿದರು.

ಒತ್ತಡ ಎಷ್ಟಿರಬೇಕು ಎಂದು ಲೆಕ್ಕ ಹಾಕಿ ಹೇಳಿ, "ಅಪ್ಪ, ನೀವೇ ತುಂಬಿಸಿ," ಎಂದೆ.

ಅಪ್ಪ ಚೀಲದಿಂದ ಪಂಪು ತೆಗೆದರು. ಎಡಗಡೆ ಕೂತು, ಕೊಳವೆ ಸಿಕ್ಕಿಸಿ, ಮುಳ್ಳು ನಾನು ಹೇಳಿದಲ್ಲಿಗೆ ಬರುವವರೆಗೆ ಒತ್ತಿದರು. ಕಳಚಿದರು. 'ಪುಸ್' ಎಂದಾಗ ಅವರ ಕೈ ಒಂದು ಕ್ಷಣ ವಾಲ್ವಿನ ಹತ್ತಿರವೇ ನಿಂತಿತು. ಆಮೇಲೆ ಮುಚ್ಚಳ ಹಾಕಿ, ಎದ್ದು, ಬಲಗಡೆಗೆ ಹೋದರು.

ಎರಡೂ ಮುಗಿದ ಮೇಲೆ ಪಂಪನ್ನು ನನ್ನ ಕೈಯಲ್ಲಿಟ್ಟು, ತಮ್ಮ ಕೈ ಜೇಬಿಗೆ ಹಾಕಿಕೊಂಡರು. "ಹೋಗು ಪ್ರಜ್ವಲಾ," ಎಂದರು. "ಸರಿ ಉಂಟು."